ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟಬೇಡಿ

ನಮ್ಮ ಮನೆಗಳಲ್ಲಿ ಹೆಂಗಸಿನ ಯಾವ ಕಾಯಿಲೆಗೂ ಸಲ್ಲುವ ಒಂದು ಸಿದ್ಧ ಉತ್ತರವಿದೆ: 'ವಯಸ್ಸಾಯ್ತಲ್ಲ, ಇನ್ನೇನು?' ಬೆನ್ನು ಬಗ್ಗಿದರೆ ವಯಸ್ಸು, ಮಣಿಕಟ್ಟು ಮುರಿದರೆ ವಯಸ್ಸು, ಬಚ್ಚಲಲ್ಲಿ ಜಾರಿ ಬಿದ್ದು ತೊಡೆಮೂಳೆ ಮುರಿದುಕೊಂಡು ಹಾಸಿಗೆ ಹಿಡಿದರೆ ಅದೂ ವಯಸ್ಸು. ಗಂಡಸಿಗೆ ಎದೆನೋವು ಬಂದಾಗ ಈ ಮಾತನ್ನು ಯಾರೂ ಆಡುವುದಿಲ್ಲ. ರಾತ್ರೋರಾತ್ರಿ ಕಾರು ಮಾಡಿಕೊಂಡು ಮೈಸೂರಿಗೆ ಓಡುತ್ತಾರೆ. ಹೆಂಗಸಿನ ಮೂಳೆಯ ವಿಷಯಕ್ಕೆ ಬಂದಾಗ ಮಾತ್ರ ಇಡೀ ಮನೆಗೆ ವೇದಾಂತ ನೆನಪಾಗುತ್ತದೆ.

ನಾನು ವೈದ್ಯೆಯಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವಳು. ಮಕ್ಕಳ ಮುಂದೆ ಪ್ಲಾಸ್ಟಿಕ್ ಅಸ್ಥಿಪಂಜರವನ್ನು ನಿಲ್ಲಿಸಿ ಇನ್ನೂರಾ ಆರು ಮೂಳೆಗಳ ಲೆಕ್ಕ ಒಪ್ಪಿಸಿದ್ದೇ ಒಪ್ಪಿಸಿದ್ದು. ಆ ಪಾಠದ ದೊಡ್ಡ ಕೊರತೆ ಏನೆಂದರೆ, ಮೂಳೆಯೆಂದರೆ ಒಣಗಿದ ಕಟ್ಟಿಗೆಯಂಥ ವಸ್ತು ಎಂಬ ಭಾವನೆ ಮಕ್ಕಳ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ಮೂಳೆ ಜೀವಂತ ವಸ್ತು. ಹಳ್ಳಿಯ ಮಣ್ಣಿನ ಗೋಡೆಯನ್ನು ನೆನೆಸಿಕೊಳ್ಳಿ. ಮಳೆಗೆ ಕರಗಿದ್ದಷ್ಟನ್ನು ಪ್ರತಿ ವರ್ಷ ಮೆತ್ತಿ, ಸಾರಿಸಿ, ಮತ್ತೆ ಗಟ್ಟಿ ಮಾಡುತ್ತೇವಲ್ಲ, ಮೂಳೆಯೊಳಗೂ ಹಾಗೆಯೇ ನಡೆಯುತ್ತದೆ. ಹಳೆಯದನ್ನು ಕೆರೆದು ತೆಗೆಯುವ ಜೀವಕೋಶಗಳಿವೆ, ಹೊಸದನ್ನು ಕಟ್ಟುವ ಜೀವಕೋಶಗಳಿವೆ. ವರ್ಷಕ್ಕೆ ಸುಮಾರು ಹತ್ತನೆಯ ಒಂದು ಪಾಲು ಎಲುಬು ಹೀಗೆ ಹೊಸದಾಗುತ್ತದೆ. ಕೆರೆಯುವವರ ಕೈ ಮೇಲಾಗಿ ಕಟ್ಟುವವರ ಕೈ ಸೋತಾಗ ಗೋಡೆ ಹೊರಗಿನಿಂದ ನೆಟ್ಟಗೇ ಕಾಣುತ್ತದೆ, ಒಳಗೆ ಟೊಳ್ಳು. ಈ ಟೊಳ್ಳುತನಕ್ಕೆ ಆಸ್ಟಿಯೋಪೊರೋಸಿಸ್ ಎಂದು ಹೆಸರು.

ಮೊದಲ ತಕರಾರು ನಮ್ಮ ಮಾತಿನದೇ. ಕನ್ನಡದಲ್ಲಿ ನಾವು 'ಮೂಳೆ ಸವೆತ' ಎಂದುಬಿಡುತ್ತೇವೆ. ಮಂಡಿ ನೋವಿಗೂ ಮೂಳೆ ಸವೆತ, ಕತ್ತು ನೋವಿಗೂ ಮೂಳೆ ಸವೆತ, ಈ ಟೊಳ್ಳಾಗುವ ರೋಗಕ್ಕೂ ಮೂಳೆ ಸವೆತ. ಮಂಡಿ ನೋಯುವುದು ಕೀಲಿನಲ್ಲಿರುವ ಮೆತ್ತನೆಯ ಮೃದ್ವಸ್ಥಿ ಸವೆದಾಗ. ಅದು ಬೇರೆಯೇ ರೋಗ, ಅದರ ಔಷಧವೇ ಬೇರೆ. ಮೂಳೆ ಟೊಳ್ಳಾಗುವುದು ನೋಯುವುದೇ ಇಲ್ಲ. ಮುರಿಯುವ ದಿನದವರೆಗೆ ಒಂದು ಸುಳಿವನ್ನೂ ಕೊಡುವುದಿಲ್ಲ. ಈ ಗೊಂದಲದ ಫಲ ನೋಡಿ: ಮಂಡಿ ನೋವಿರುವಾಕೆ ಕ್ಯಾಲ್ಸಿಯಂ ಮಾತ್ರೆ ನುಂಗಿ ನುಂಗಿ, ನೋವು ಹೋಗಲಿಲ್ಲವೆಂದು ಬೇಸತ್ತು ಬಿಡುತ್ತಾಳೆ. ನಿಜವಾಗಿ ಮೂಳೆ ಟೊಳ್ಳಾಗಿರುವಾಕೆ 'ನಂಗೆ ಎಲ್ಲೂ ನೋವಿಲ್ಲ, ನಂಗ್ಯಾಕೆ ಪರೀಕ್ಷೆ' ಎಂದು ನಿಶ್ಚಿಂತೆಯಾಗಿ ಇರುತ್ತಾಳೆ. ಇಬ್ಬರಿಗೂ ಒಂದೇ ಮಾತು ಮೋಸ ಮಾಡಿತು.

ನನ್ನ ತವರು ಉಡಿಗಾಲ. ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವಿನ ಊರು. ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯಲ್ಲಿ ಸೊಂಟದಿಂದ ಬಗ್ಗಿ ಕೋಲೂರಿ ನಡೆಯುವ ಅಜ್ಜಿಯರು ಮನೆಗೊಬ್ಬರಂತೆ ಇದ್ದರು. ಅವರು ಹುಟ್ಟಿದ್ದೇ ಹಾಗೆ ಎಂದು ನಾವು ಮಕ್ಕಳು ತಿಳಿದಿದ್ದೆವು. ನಮ್ಮ ದೊಡ್ಡವ್ವ ಒಂದು ಕಾಲಕ್ಕೆ ಎತ್ತರದ ಹೆಂಗಸು. ಅಡಿಗೆಮನೆಯ ಗೋಡೆಗೂಡಿನಲ್ಲಿ ಉಪ್ಪಿನಕಾಯಿ ಜಾಡಿ ಇಡುತ್ತಿದ್ದದ್ದು ಅವಳೇ, ಬೇರೆ ಯಾರ ಕೈಗೂ ಎಟುಕಬಾರದೆಂದು. ಐವತ್ತೈದು ದಾಟಿದ ಮೇಲೆ ಒಂದು ದಿನ ಕರುವಿಗೆ ಹುಲ್ಲು ಹಾಕಲು ಬಗ್ಗಿದವಳಿಗೆ ಬೆನ್ನಿನಲ್ಲಿ ಫಳಕ್ಕೆಂದಿತು. ಉಳುಕು ಎಂದರು. ಎಣ್ಣೆ ನೀವಿಸಿದರು, ಬಿಸಿಬೂದಿ ಕಟ್ಟಿದರು. ಮೂರು ವಾರಕ್ಕೆ ನೋವು ಇಳಿಯಿತು. ಎರಡು ವರ್ಷ ಬಿಟ್ಟು ಇನ್ನೊಂದು 'ಉಳುಕು'. ಆಮೇಲೆ ಜಾಡಿ ಇಳಿಸಲು ಮಣೆ ಬೇಕಾಯಿತು. 'ಕೂಸೇ, ಈ ಗೂಡು ವರ್ಸಾವರ್ಸ ಮೇಲಕ್ಕೋಯ್ತಾ ಅದಲ್ಲ' ಎಂದು ನಗುತ್ತಿದ್ದಳು. ನಾವೂ ನಗುತ್ತಿದ್ದೆವು. ನೆರೆಮನೆಯಾಕೆ, 'ವಯಸ್ಸಾಯ್ತು ಕನಕ್ಕ, ಬೆನ್ನು ಬಗ್ಗದೆ ಇನ್ನೇನು ನೆಟ್ಟಗೆ ನಿಂತದಾ?' ಎಂದು ತೀರ್ಪು ಕೊಟ್ಟುಬಿಟ್ಟಳು.

ಆ 'ಉಳುಕು'ಗಳು ಬೆನ್ನುಮೂಳೆಯ ಮುರಿತಗಳು. ಟೊಳ್ಳಾದ ಬೆನ್ನಿನ ಬಿಲ್ಲೆ ತನ್ನ ಮೇಲಿನ ಭಾರಕ್ಕೇ, ಒಂದು ಸಣ್ಣ ಬಗ್ಗುವಿಕೆಗೆ, ಮುಂಭಾಗದಲ್ಲಿ ಕುಸಿದು ಬೆಣೆಯಾಕಾರವಾಗುತ್ತದೆ. ಅಂಥ ಎರಡು ಮೂರು ಬಿಲ್ಲೆಗಳು ಕುಸಿದರೆ ಆಳು ಗೇಣುದ್ದ ಗಿಡ್ಡವಾಗದಿದ್ದರೂ ನಾಲ್ಕಾರು ಬೆರಳು ಗಿಡ್ಡವಾಗುವುದು ಖಂಡಿತ, ಬೆನ್ನು ಗೂನಾಗುವುದು ಖಂಡಿತ. ಇಂಥ ಮುರಿತಗಳಲ್ಲಿ ಮೂರರಲ್ಲಿ ಎರಡು ಪಾಲು ಯಾರ ಗಮನಕ್ಕೂ ಬಾರದೆ ಹೋಗುತ್ತವೆಂದು ವೈದ್ಯಶಾಸ್ತ್ರವೇ ಒಪ್ಪುತ್ತದೆ. ಗೂನು ವಯಸ್ಸಿನ ಗುರುತಾಗಿದ್ದರೆ ಎಲ್ಲ ಮುದುಕಿಯರೂ ಗೂನಾಗಬೇಕಿತ್ತು. ಎಂಬತ್ತೈದರಲ್ಲೂ ನೆಟ್ಟಗೆ ನಡೆಯುವ ಅಜ್ಜಿಯರನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ.

ಈ ಮಾತು ಎತ್ತಿದಾಗಲೆಲ್ಲ ನಮ್ಮ ಕಡೆಯವರು ಎದೆ ಉಬ್ಬಿಸಿ ಹೇಳುವ ಒಂದು ವಾದವಿದೆ. 'ನಾವು ರಾಗಿ ತಿಂದವರು. ಹೊಲದಲ್ಲಿ ದುಡಿದವರು. ಮೂಳೆ ರೋಗ ಪೇಟೆಯವರಿಗೆ.' ರಾಗಿಯ ಮೇಲೆ ನನಗೂ ಅಭಿಮಾನವಿದೆ, ಮುದ್ದೆ ಮುರಿದು ಬೆಳೆದವಳೇ. ರಾಗಿಯಲ್ಲಿ ಸುಣ್ಣದಂಶ ನಿಜಕ್ಕೂ ಹೆಚ್ಚು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬಿಳಿ ಅಕ್ಕಿಯಲ್ಲಿ ಹತ್ತೂ ಇಲ್ಲ. ಹುರುಳಿಯಲ್ಲಿ 269, ಹಸುವಿನ ಹಾಲಿನಲ್ಲಿ ನೂರು ಗ್ರಾಮಿಗೆ 118, ನುಗ್ಗೆಸೊಪ್ಪಿನಲ್ಲಿ ಮುನ್ನೂರಕ್ಕೂ ಮೇಲೆ, ಎಳ್ಳಿನಲ್ಲಿ ಸಾವಿರಕ್ಕೂ ಮೇಲೆ. ಮುದ್ದೆ, ಹುರುಳಿ ಸಾರು, ನುಗ್ಗೆಸೊಪ್ಪಿನ ಪಲ್ಯ, ಒಂದು ಲೋಟ ಮಜ್ಜಿಗೆ: ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಊಟ ಎಲ್ಲಿದೆ?

ಕಾಗದದ ಮೇಲೆ. ಊಟದ ಎಲೆಯ ಮೇಲೆ ಏನಿತ್ತು? ಹೊಲಕ್ಕೆ ಹೋಗುವ ಗಂಡಸಿಗೆ ಎರಡು ಮುದ್ದೆ, ಬೆಳೆಯುವ ಗಂಡು ಹುಡುಗರಿಗೆ ಒಂದೊಂದು, ಎಲ್ಲರೂ ಎದ್ದ ಮೇಲೆ ತಪ್ಪಲೆಯ ತಳಕ್ಕೆ ಹತ್ತಿದ್ದು ಮನೆಯ ಹೆಂಗಸಿಗೆ. ಹುರುಳಿ ಬೇಯಿಸಿದ ಕಟ್ಟು ಅವಳ ಪಾಲಿಗೆ ಬರುವ ಹೊತ್ತಿಗೆ ನೀರಾಗಿರುತ್ತಿತ್ತು. ಹಸುವಿನ ಕೆಚ್ಚಲು ತೊಳೆದು, ಹಾಲು ಕರೆದು, ಕ್ಯಾನು ಹೊತ್ತು ಡೈರಿಗೆ ಹಾಕಿ ಬರುವವಳು ಅವಳೇ. ಮನೆಗೆ ಬಂದು ಕುಡಿಯುವುದು ಬಣ್ಣಕ್ಕಷ್ಟೇ ಹಾಲು ತೋರಿಸಿದ ಟೀ. ಈಗಲೂ ನಮ್ಮ ಊರ ಕಡೆ ಬೆಳಿಗ್ಗೆ ಆರಕ್ಕೆ ಡೈರಿಯ ಮುಂದೆ ನಿಂತು ನೋಡಿ, ಸಾಲಿನಲ್ಲಿರುವ ಹೆಂಗಸರನ್ನು 'ನೀವು ದಿನಕ್ಕೆ ಎಷ್ಟು ಹಾಲು ಕುಡೀತೀರವ್ವ?' ಎಂದು ಕೇಳಿ. ಅವರು ನಿಮ್ಮನ್ನು ಹುಚ್ಚಿಯೆಂದುಕೊಳ್ಳುತ್ತಾರೆ. ಡೈರಿಯ ದುಡ್ಡು ಅವರ ಮಕ್ಕಳ ಫೀಜು ಕಟ್ಟಿದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಮನೆಯಲ್ಲಿ ಒಂದು ಲೋಟ ಉಳಿಸಿಕೊಂಡರೆ ಆ ಮನೆ ಮುಳುಗುವುದಿಲ್ಲ. ಮೊದಲು ಉಳಿಯುವುದು ಗಂಡಿನ ಕಾಫಿಗೆ, ಆಮೇಲೆ ಮಕ್ಕಳಿಗೆ.

ಇನ್ನು ಲೆಕ್ಕಕ್ಕೆ ಬಂದರೆ, ನಮ್ಮ ದೇಶದ ಶಿಫಾರಸೇ ಕಣ್ಣೆದುರಿಗೆ ಏರಿದೆ. 1989ರಲ್ಲಿ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ ಕ್ಯಾಲ್ಸಿಯಂ ಸಾಕೆಂದಿದ್ದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2010ರಲ್ಲಿ 600 ಎಂದಿತು, 2020ರಲ್ಲಿ 1000 ಎಂದಿತು. ಹಾಲೂಡಿಸುವ ತಾಯಿಗೆ 1200. ತಳಹತ್ತಿದ ಮುದ್ದೆ ತಿಂದು, ಬಣ್ಣದ ಟೀ ಕುಡಿದವಳು ಇದರಲ್ಲಿ ಎಷ್ಟನೆಯ ಪಾಲು ಮುಟ್ಟಿಯಾಳು? ಅಲ್ಲದೆ ರಾಗಿಯ ಸಿಪ್ಪೆಯಲ್ಲಿರುವ ಫೈಟೇಟು ಎಂಬ ವಸ್ತು ಸುಣ್ಣದಂಶವನ್ನು ಪೂರ್ತಿ ಮೈಗೆ ಹತ್ತಗೊಡುವುದಿಲ್ಲ. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ಹಿಟ್ಟಿನಲ್ಲಿ ಆ ಅಡ್ಡಿ ಕಡಿಮೆ. ಮಗುವಿಗೆ ರಾಗಿ ಮಣ್ಣಿ ಮಾಡಲು ನಮ್ಮ ಅಜ್ಜಿಯರು ಮೊಳಕೆ ಕಟ್ಟುತ್ತಿದ್ದದ್ದು ಸುಮ್ಮನೆ ಅಲ್ಲ. ಆ ಮಣ್ಣಿಯನ್ನು ಬಾಣಂತಿಯೂ ಒಂದು ಬಟ್ಟಲು ಕುಡಿಯಬಹುದೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಇಷ್ಟರ ಮೇಲೆ ಆ ರಾಗಿಯೂ ಕಡಿಮೆಯಾಯಿತು. ನನ್ನ ತಲೆಮಾರಿನಲ್ಲಿಯೇ ಅನ್ನ ಮರ್ಯಾದೆಯ ಊಟವಾಗಿ, ಮುದ್ದೆ ಬಡವರ ಊಟವಾಯಿತು. ಈಗ ಗಾಳಿ ತಿರುಗಿದೆ. 2023ನ್ನು ಸಿರಿಧಾನ್ಯಗಳ ವರ್ಷವೆಂದು ವಿಶ್ವಸಂಸ್ಥೆ ಆಚರಿಸಿತು, 2024ರ ಫೆಬ್ರವರಿಯಿಂದ ನಮ್ಮ ಸರ್ಕಾರಿ ಶಾಲೆಯ ಮಕ್ಕಳಿಗೆ ಹಾಲಿನೊಂದಿಗೆ ರಾಗಿ ಮಾಲ್ಟ್ ಕೊಡತೊಡಗಿದರು. ಸಂತೋಷ. ಪೇಟೆಯ ಅಂಗಡಿಯಲ್ಲಿ ಅದೇ ರಾಗಿ ಬಣ್ಣದ ಡಬ್ಬಿಯೊಳಗೆ ಸಕ್ಕರೆಯ ಜೊತೆ ಕೂತು ಮೂರು ಪಟ್ಟು ಬೆಲೆಗೆ ಮಾರಾಟವಾಗುವುದನ್ನು ಕಂಡಾಗ ಮಾತ್ರ ನನಗೆ ಸಂತೆಯಲ್ಲಿ ಸೇರಿನ ಲೆಕ್ಕದಲ್ಲಿ ರಾಗಿ ಅಳೆಯುತ್ತಿದ್ದ ನಮ್ಮಪ್ಪ ನೆನಪಾಗುತ್ತಾರೆ.

ದುಡಿಮೆಯ ವಾದವನ್ನೂ ನೋಡೋಣ. ನಡೆಯುವುದು, ಭಾರ ಹೊರುವುದು ಮೂಳೆಗೆ ಒಳ್ಳೆಯದು, ನಿಜ. ಎಲುಬು ತನ್ನ ಮೇಲೆ ಬಿದ್ದ ಭಾರಕ್ಕೆ ತಕ್ಕಂತೆ ಗಟ್ಟಿಯಾಗುತ್ತದೆ. ನಮ್ಮ ದೊಡ್ಡವ್ವ ದೀಪಾವಳಿಗೆ ಮಾದಪ್ಪನ ಬೆಟ್ಟಕ್ಕೆ ನಡೆದೇ ಹೋಗಿ ಬರುತ್ತಿದ್ದವಳು. ಆದರೆ ಗಾರೆ ಕೆಲಸದವನು ಎಷ್ಟೇ ಗಟ್ಟಿಗನಾದರೂ ಸುಣ್ಣವಿಲ್ಲದೆ ಗೋಡೆ ಏಳುವುದಿಲ್ಲ. ಹೊಟ್ಟೆಗಿಲ್ಲದ ದುಡಿಮೆ ಮೂಳೆ ಕಟ್ಟುವುದಿಲ್ಲ, ಮೈ ಸವೆಸುತ್ತದೆ. ಪೇಟೆಯ ನಮಗೆ ಇದರ ತದ್ವಿರುದ್ಧ ಸಮಾಧಾನ. 'ಮನೆಗೆಲಸವೇ ವ್ಯಾಯಾಮ' ಎನ್ನುತ್ತೇವೆ. ಗ್ಯಾಸಿನ ಒಲೆಯ ಮುಂದೆ ನಿಂತು, ಮಿಕ್ಸಿ ತಿರುಗಿಸಿ, ನಡುವೆ ಧಾರಾವಾಹಿ ನೋಡುವುದರಿಂದ ಸುಸ್ತಾಗುತ್ತದೆ ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಸುಸ್ತೇ ಬೇರೆ, ವ್ಯಾಯಾಮವೇ ಬೇರೆ. ಚುರುಕಾಗಿ ನಡೆಯಬೇಕು, ಮೆಟ್ಟಿಲು ಹತ್ತಬೇಕು, ಕೈಯೂರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರಬೇಕು. ತೊಡೆಯಲ್ಲಿ ಬಲವಿದ್ದವಳು ಎಡವಿದರೂ ಬೀಳುವುದಿಲ್ಲ. ಬೀಳದವಳ ಮೂಳೆ ಮುರಿಯುವುದು ಕಡಿಮೆ.

ಬಿಸಿಲಿನ ಕಥೆ ಇನ್ನೂ ಸ್ವಾರಸ್ಯದ್ದು. 'ಭಾರತದಲ್ಲಿ ಬಿಸಿಲಿಗೇನು ಬರ, ವಿಟಮಿನ್ ಡಿ ಕೊರತೆ ಇಲ್ಲಿ ಹೇಗೆ ಬರುತ್ತದೆ' ಎಂದು ಓದಿದವರೇ ಕೇಳುತ್ತಾರೆ. ಬಿಸಿಲು ಬಯಲಿಗೆ ಬಿದ್ದರೆ ಸಾಲದು, ಚರ್ಮಕ್ಕೆ ಬೀಳಬೇಕು. ಬಾಣಂತಿಯನ್ನು ಕತ್ತಲೆ ಕೋಣೆಯಲ್ಲಿ ಕಿವಿಗೆ ಹತ್ತಿ ತುರುಕಿ ಮಲಗಿಸುವವರು ನಾವು. ಮಗಳ ಬಣ್ಣ ಕಪ್ಪಾದೀತೆಂದು ಕೊಡೆ ಹಿಡಿಸುವವರು ನಾವು. ಸ್ಕೂಟರಿನ ಮೇಲೆ ಕೈಗವಸು, ಮುಖಗವಸು ಹಾಕಿ ಕಣ್ಣೆರಡು ಬಿಟ್ಟು ಹೋಗುವ ಹುಡುಗಿಯರು ಚಾಮರಾಜನಗರದಲ್ಲಿಯೇ ಎಷ್ಟು ಬೇಕು! ಕಂದುಬಣ್ಣದ ಚರ್ಮಕ್ಕೆ ಬಿಳಿಯ ಚರ್ಮಕ್ಕಿಂತ ಹೆಚ್ಚು ಹೊತ್ತು ಬಿಸಿಲು ಬೇಕು ಎನ್ನುವುದು ಇದರ ಮೇಲಿನ ಸೇರ್ಪಡೆ. ಇನ್ನು 'ಎಳೆಬಿಸಿಲು ಒಳ್ಳೆಯದು' ಎಂಬುದು ತಲೆತಲಾಂತರದ ನಂಬಿಕೆ. ಎಳೆಬಿಸಿಲು ಹಿತವಾದದ್ದು, ಸಂದೇಹವಿಲ್ಲ. ಆದರೆ ವಿಟಮಿನ್ ಡಿ ಹುಟ್ಟಿಸುವ ಕಿರಣಗಳು ಸೂರ್ಯ ಕೆಳಗಿರುವಾಗ ನಮ್ಮನ್ನು ಹೆಚ್ಚು ಮುಟ್ಟುವುದಿಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತಿನ ಬಿಸಿಲು ಬೇಕು, ಎಂದರೆ ಹತ್ತೂವರೆ ಹನ್ನೊಂದರ ಮೇಲೆ. ಹಪ್ಪಳ ಒಣಗಿಸಲು ತಾರಸಿಗೆ ಹೋದಾಗ ತೋಳು, ಕಾಲಿಗೆ ಇಪ್ಪತ್ತು ನಿಮಿಷ ಬಿದ್ದರೂ ಬಂತು. ಕಿಟಕಿ ಗಾಜಿನ ಹಿಂದೆ ಕೂತರೆ ಪ್ರಯೋಜನವಿಲ್ಲ. ಗಾಜು ಆ ಕಿರಣಗಳನ್ನು ತಡೆದುಬಿಡುತ್ತದೆ.

ಇದರ ಬದಲು ನಾವು ಏನು ಮಾಡುತ್ತೇವೆ? ಔಷಧದ ಅಂಗಡಿಯಿಂದ 60,000 ಯೂನಿಟ್ಟಿನ ಪುಡಿ ಪೊಟ್ಟಣ ತಂದು, ವಾರಕ್ಕೊಂದರಂತೆ ಎಂಟು ವಾರ ಎಂದು ವೈದ್ಯರು ಬರೆದದ್ದನ್ನು ಎರಡು ವರ್ಷ ನುಂಗುತ್ತೇವೆ. ಅಕ್ಕನಿಗೆ ಬರೆದದ್ದನ್ನು ತಂಗಿಯೂ, ತಂಗಿಯ ನಾದಿನಿಯೂ ನುಂಗುತ್ತಾರೆ. ವಿಟಮಿನ್ ಡಿ ಮೈಯಲ್ಲಿ ಉಳಿದು ಶೇಖರವಾಗುವ ವಸ್ತು. ಮಿತಿ ಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೇ ಅಪಾಯ.

ಕ್ಯಾಲ್ಸಿಯಂ ಮಾತ್ರೆಯ ಮೇಲಿನ ಭಕ್ತಿಯೂ ಇಂಥದೇ. ಅಮೆರಿಕದಲ್ಲಿ ಮುಟ್ಟು ನಿಂತ 36 ಸಾವಿರಕ್ಕೂ ಹೆಚ್ಚು ಹೆಂಗಸರಿಗೆ ಏಳು ವರ್ಷ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೊಟ್ಟು ಅಥವಾ ಕೊಟ್ಟಂತೆ ಮಾಡಿ ನೋಡಿದ ದೊಡ್ಡ ಪರೀಕ್ಷೆಯ ಫಲಿತಾಂಶ 2006ರಲ್ಲಿ ಬಂತು. ಸೊಂಟದ ಮುರಿತ ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ, ಮೂತ್ರಪಿಂಡದ ಕಲ್ಲು ಸ್ವಲ್ಪ ಹೆಚ್ಚಿತು. ಊಟದಲ್ಲಿ ಕೊರತೆ ಇರುವವರಿಗೆ ಮಾತ್ರೆ ಬೇಕಾಗಬಹುದು, ಅದನ್ನು ಬೇಡವೆನ್ನಲು ನಾನು ಯಾರು. ಆದರೆ ಮುಷ್ಟಿ ಮಾತ್ರೆ ನುಂಗಿ, ಮುರಿಯದ ಮೂಳೆಯ ವಿಮೆ ಮಾಡಿಸಿದೆವೆಂದು ತಿಳಿಯುವುದು ಸುಳ್ಳು ಧೈರ್ಯ.

ಈ ಸುಳ್ಳು ಧೈರ್ಯವನ್ನೂ ಸುಳ್ಳು ಭಯವನ್ನೂ ಒಟ್ಟಿಗೆ ಮಾರುವ ಜಾಗ ಒಂದಿದೆ: ಉಚಿತ ಮೂಳೆ ತಪಾಸಣಾ ಶಿಬಿರ. ನಮ್ಮ ಬಡಾವಣೆಯ ಕಲ್ಯಾಣ ಮಂಟಪದಲ್ಲಿ ನಡೆದ ಒಂದಕ್ಕೆ ನಾನೂ ಹೋಗಿದ್ದೆ. ಹಿಮ್ಮಡಿಯನ್ನು ಒಂದು ಪೆಟ್ಟಿಗೆಯೊಳಗೆ ಇಡಿಸಿದರು. ಅರ್ಧ ನಿಮಿಷಕ್ಕೆ ಚೀಟಿ ಬಂತು, ಹಸಿರು, ಹಳದಿ, ಕೆಂಪು ಪಟ್ಟಿಗಳ ಮೇಲೆ ಒಂದು ಚುಕ್ಕಿ. ನನ್ನ ಮುಂದಿದ್ದ ಹತ್ತು ಜನರಲ್ಲಿ ಒಬ್ಬರಿಗೂ ಹಸಿರು ಬೀಳಲಿಲ್ಲ. ಪಕ್ಕದ ಮೇಜಿನಲ್ಲಿ ಪುಡಿಯ ಡಬ್ಬಿಗಳು ಗೋಪುರದಂತೆ ಜೋಡಿಸಿಟ್ಟಿದ್ದವು. ಮೂವತ್ತೆರಡು ವರ್ಷದ ಹುಡುಗಿಯೊಬ್ಬಳು ಕೆಂಪು ಚುಕ್ಕಿ ನೋಡಿ ಅಳುತ್ತ ಎರಡು ಡಬ್ಬಿ ಕೊಂಡಳು.

ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಕೊಟ್ಟ ಲಕ್ಷಣದ ಪ್ರಕಾರ, ಡೆಕ್ಸಾ ಎಂಬ ಎಕ್ಸ್-ರೇ ಯಂತ್ರದಲ್ಲಿ ಸೊಂಟ ಅಥವಾ ಬೆನ್ನುಮೂಳೆ ಅಳೆದಾಗ, ಆರೋಗ್ಯವಂತ ಯುವತಿಯ ಸರಾಸರಿಗಿಂತ ಟಿ-ಸ್ಕೋರ್ ಎರಡೂವರೆ ಅಥವಾ ಇನ್ನೂ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್. ಹಿಮ್ಮಡಿಯ ಪೆಟ್ಟಿಗೆ ಶಬ್ದತರಂಗದಿಂದ ಅಳೆಯುವ ಬೇರೆಯೇ ಯಂತ್ರ. ಆ ಅಳತೆಗೆ ಈ ಎರಡೂವರೆಯ ಗೆರೆ ಅನ್ವಯಿಸುವುದಿಲ್ಲ, ಅದರಿಂದ ರೋಗ ಇದೆಯೆಂದು ತೀರ್ಮಾನಿಸುವಂತಿಲ್ಲ. ಅದೂ ಅಲ್ಲದೆ ಹೋಲಿಕೆಗೆ ಇಟ್ಟುಕೊಳ್ಳುವ ಸರಾಸರಿ ಸಾಮಾನ್ಯವಾಗಿ ಬಿಳಿಯ ಹೆಂಗಸರದು. ಸಣ್ಣ ಎಲುಬಿನ ನಮ್ಮವರ ಅಂಕ ಅದರ ಮುಂದೆ ಕೆಳಗೆ ಕಾಣುವುದು ಆಶ್ಚರ್ಯವಲ್ಲ. ಮೂವತ್ತೆರಡರ, ಮುಟ್ಟು ಸರಿಯಾಗಿ ಆಗುತ್ತಿರುವ ಹುಡುಗಿಗೆ ಆ ಚೀಟಿ ಕೊಟ್ಟು ಅಳಿಸುವುದು ಆರೋಗ್ಯ ಸೇವೆಯಲ್ಲ, ವ್ಯಾಪಾರ. ಅದೇ ಶಿಬಿರದಲ್ಲಿ, ಹೋದ ವರ್ಷ ಅಂಗಳದಲ್ಲಿ ಎಡವಿ ಮಣಿಕಟ್ಟು ಮುರಿದುಕೊಂಡಿದ್ದ ಅರವತ್ತರ ಹೆಂಗಸಿಗೂ ಅದೇ ಪುಡಿಯನ್ನೇ ಕೊಟ್ಟು ಕಳಿಸಿದರು. ಡೆಕ್ಸಾ ಮಾಡಿಸಬೇಕಾದವಳು ಅವಳು! ನಿಂತ ಎತ್ತರದಿಂದ ಬಿದ್ದು ಮೂಳೆ ಮುರಿದ ಐವತ್ತು ದಾಟಿದ ಹೆಂಗಸಿನ ದೇಹ ಆಗಲೇ ಎಚ್ಚರಿಕೆಯ ಗಂಟೆ ಹೊಡೆದಿದೆ. ಮೂಳೆಯನ್ನು ಕೂಡಿಸಿ ಪಟ್ಟು ಹಾಕಿ ಕಳಿಸುವುದಷ್ಟೇ ಅಲ್ಲ, ಯಾಕೆ ಮುರಿಯಿತೆಂದು ಕೇಳಬೇಕು.

ಈಗ ನಾನು ಈ ಲೇಖನ ಬರೆಯಲು ಕೂತದ್ದಕ್ಕೆ ಮುಖ್ಯ ಕಾರಣಕ್ಕೆ ಬರುತ್ತೇನೆ. ಹೆಣ್ಣಿನ ಮೂಳೆಯನ್ನು ಕಾಯುವ ದೊಡ್ಡ ಕಾವಲುಗಾರ ಈಸ್ಟ್ರೊಜೆನ್ ಎಂಬ ಹಾರ್ಮೋನು. ಅದು ಬರುವುದು ಅಂಡಾಶಯದಿಂದ. ಮೂಳೆ ಕೆರೆಯುವ ಜೀವಕೋಶಗಳ ಕೈಗೆ ಕಡಿವಾಣ ಹಾಕಿರುವುದು ಅದೇ. ಮುಟ್ಟು ನಿಂತು ಅದು ಇಳಿದ ಮೇಲೆ ಮೊದಲ ಐದಾರು ವರ್ಷಗಳಲ್ಲಿ ಕೆಲವರು ತಮ್ಮ ಮೂಳೆಯ ಐದನೆಯ ಒಂದು ಪಾಲಿನವರೆಗೆ ಕಳೆದುಕೊಳ್ಳುತ್ತಾರೆ. ಹೆರಿಗೆಯಿಂದ, ಮಗುವಿಗೆ ಹಾಲೂಡಿಸಿದ್ದರಿಂದ ಮೂಳೆ ಹಾಳಾಯಿತೆಂದು ಮಕ್ಕಳನ್ನು ಬಯ್ಯುವ ತಾಯಂದಿರಿದ್ದಾರೆ. ಹಾಲೂಡಿಸುವಾಗ ಇಳಿದ ಮೂಳೆಯ ಸಾಂದ್ರತೆ, ಹಾಲು ಬಿಡಿಸಿದ ಮೇಲೆ ಸಾಮಾನ್ಯವಾಗಿ ಮರಳಿ ತುಂಬಿಕೊಳ್ಳುತ್ತದೆ. ಮಕ್ಕಳು ನಿರಪರಾಧಿಗಳು. ಆದರೆ ಅಂಡಾಶಯ ಹೋದರೆ ಹೋದದ್ದು ಮರಳುವುದಿಲ್ಲ.

ಹಾಗಿರುವಾಗ ನಮ್ಮಲ್ಲಿ ಗರ್ಭಕೋಶವನ್ನು ಹಲ್ಲು ಕೀಳಿಸಿದಷ್ಟು ಸುಲಭವಾಗಿ ತೆಗೆಸಿಹಾಕುವ ರೂಢಿ ಬೆಳೆದಿದೆ. 'ಮಕ್ಕಳಾದವಲ್ಲ, ಇನ್ನೇಕೆ ಅದು? ತೆಗೆಸಿಬಿಟ್ಟರೆ ತಿಂಗಳ ರಗಳೆಯೂ ಇಲ್ಲ, ಕ್ಯಾನ್ಸರಿನ ಭಯವೂ ಇಲ್ಲ.' ಮೂವತ್ತೈದರ ಹೆಂಗಸಿಗೆ ಬಿಳಿಮುಟ್ಟು, ಹೊಟ್ಟೆನೋವು ಎಂದರೆ ಸಾಕು, ಸ್ಕ್ಯಾನು, ಭಯ, ಆಪರೇಷನ್. ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ನೂರಾರು ಹೆಂಗಸರ ಗರ್ಭಕೋಶಗಳನ್ನು ಖಾಸಗಿ ಆಸ್ಪತ್ರೆಗಳಲ್ಲಿ ಹೀಗೆ ತೆಗೆದಿದ್ದರೆಂಬುದು 2015ರಲ್ಲಿ ಬಯಲಿಗೆ ಬಂತು. ಆ ಹೆಂಗಸರು ನ್ಯಾಯ ಕೇಳಿ ಬೀದಿಗಿಳಿದರು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿ ಜಾರಿಗೆ ತರಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಹೇಳಬೇಕಾಯಿತು. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹದಿನೈದರಿಂದ ನಲವತ್ತೊಂಬತ್ತರ ನಡುವಿನ ಹೆಂಗಸರಲ್ಲಿ ನೂರಕ್ಕೆ 3.2 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಇವರಲ್ಲಿ ನಿಜಕ್ಕೂ ಬೇಕಾಗಿದ್ದವರೂ ಇದ್ದಾರೆ. ಗಡ್ಡೆ, ತಡೆಯಲಾರದ ರಕ್ತಸ್ರಾವ, ಕ್ಯಾನ್ಸರ್ ಇದ್ದಾಗ ಶಸ್ತ್ರಚಿಕಿತ್ಸೆ ಜೀವ ಉಳಿಸುತ್ತದೆ. ನನ್ನ ಜಗಳ ಅದರೊಂದಿಗಲ್ಲ.

ಗರ್ಭಕೋಶದ ಜೊತೆಗೆ ಎರಡೂ ಅಂಡಾಶಯಗಳನ್ನು ತೆಗೆದರೆ ಆ ದಿನವೇ ಈಸ್ಟ್ರೊಜೆನ್ ನಿಂತಿತು. ಮೂವತ್ತೈದರ ಹೆಂಗಸು ಒಂದು ಬೆಳಗಿಗೆ ಐವತ್ತರವಳಾದಳು. ಅಂಡಾಶಯ ಉಳಿಸಿದರೂ ಅದು ಕೆಲವರಲ್ಲಿ ಬೇಗ ಸೋಲುತ್ತದೆ. ಇದನ್ನು ಆಪರೇಷನ್ನಿಗೆ ಮೊದಲು ಹೇಳಿದವರು ಯಾರು? ನಮ್ಮ ಸಂಬಂಧದಲ್ಲೇ ಒಬ್ಬಳು, ಕೂಲಿಗೆ ಹೋಗುವ ಹೆಣ್ಣು, ಮೂವತ್ತಾರಕ್ಕೆ ತೆಗೆಸಿಕೊಂಡಳು. ಮೂರು ವರ್ಷದ ಮೇಲೆ ಮೈಯೆಲ್ಲ ಬೆಂಕಿ, ನಿದ್ದೆಯಿಲ್ಲ ಎಂದು ಅಳುತ್ತ ನನ್ನ ಮನೆಗೆ ಬಂದಳು. 'ಅದ ಮಾತ್ರ ತಗುದ್ರಾ, ಪಕ್ಕದ್ದೂ ತಗುದ್ರಾ?' ಎಂದು ಅವಳ ಭಾಷೆಯಲ್ಲಿಯೇ ಕೇಳಿದೆ. 'ನಂಗೇನ್ ಗೊತ್ತಕ್ಕ, ಅವರ ಕೈಗೆ ಒಡಲ ಕೊಟ್ಟು ಮಲಗ್ದಿ' ಎಂದಳು. ಬಿಡುಗಡೆಯ ಚೀಟಿ ತರಿಸಿ ನೋಡಿದರೆ ಎರಡೂ ಅಂಡಾಶಯ ತೆಗೆದದ್ದು ಇಂಗ್ಲಿಷಿನಲ್ಲಿ ಬರೆದಿತ್ತು. ಕಾರಣ ಬರೆದಿರಲಿಲ್ಲ. ಅವಳಿಗೆ ಈಗ ನಲವತ್ತೇಳು, ಮೊನ್ನೆ ನೀರಿನ ಕೊಡ ಇಳಿಸುವಾಗ ಬೆನ್ನಿನ ಬಿಲ್ಲೆ ಕುಸಿದಿದೆ. ಇದನ್ನೂ ವಯಸ್ಸಿನ ತಲೆಗೆ ಕಟ್ಟುತ್ತೀರಾ?

ಆದುದರಿಂದ, ಯಾರಾದರೂ ಗರ್ಭಕೋಶ ತೆಗೆಯಬೇಕೆಂದರೆ ನಾಚದೆ ಕೇಳಿ. ಯಾಕೆ ತೆಗೆಯುತ್ತೀರಿ? ಬೇರೆ ಔಷಧವಿಲ್ಲವೇ? ಅಂಡಾಶಯ ಉಳಿಸುತ್ತೀರಾ? ಉಳಿಸದಿದ್ದರೆ ಆಮೇಲೆ ನನ್ನ ಮೂಳೆಗೆ ಏನು ದಾರಿ? ಇನ್ನೊಬ್ಬ ವೈದ್ಯರಿಗೆ ತೋರಿಸುವವರೆಗೆ ಸಹಿ ಹಾಕಬೇಡಿ. ಉತ್ತರ ಹೇಳುವ ತಾಳ್ಮೆಯಿಲ್ಲದ ವೈದ್ಯರ ಕೈಗೆ ಹೊಟ್ಟೆ ಕೊಡುವುದು ಯಾಕೆ? ಆಗಲೇ ಆಗಿಹೋಗಿದ್ದರೆ ಆ ಚೀಟಿಯನ್ನು ಜೋಪಾನವಾಗಿಡಿ, ಮುಂದಿನ ವೈದ್ಯರಿಗೆ ತೋರಿಸಿ.

ಇನ್ನೊಂದು ಮಾತನ್ನು ಬೇಗ ಹೇಳಿ ಮುಗಿಸುತ್ತೇನೆ. ಮಂಡಿ ನೋವಿಗೆಂದು ಹೆಸರು ವಿಳಾಸವಿಲ್ಲದ ಪುಡಿ, ಕರಿಗುಳಿಗೆಗಳನ್ನು ಸಂತೆಯಲ್ಲಿ, ಜಾತ್ರೆಯಲ್ಲಿ ಮಾರುತ್ತಾರೆ. ತಿಂದ ಎರಡನೆಯ ದಿನಕ್ಕೆ ಮುದುಕಿ ಎದ್ದು ಕುಣಿಯುತ್ತಾಳೆ ಎಂದರೆ ಅದರಲ್ಲಿ ಸ್ಟಿರಾಯ್ಡ್ ಬೆರೆತಿರುವ ಸಂಶಯ ಪಡಬೇಕು. ಇಂಥ ಪುಡಿಗಳನ್ನು ಪರೀಕ್ಷಿಸಿದಾಗ ಎಷ್ಟೋ ಸಲ ಅದು ಸಿಕ್ಕಿದೆ. ತಿಂಗಳುಗಟ್ಟಲೆ ತಿಂದ ಸ್ಟಿರಾಯ್ಡ್ ಮೂಳೆಯನ್ನು ಗೆದ್ದಲಿನಂತೆ ತಿನ್ನುತ್ತದೆ. ಆಸ್ತಮಾಕ್ಕೆ, ಕೀಲುವಾತಕ್ಕೆ ವೈದ್ಯರೇ ಬರೆದ ಸ್ಟಿರಾಯ್ಡ್ ಮಾತ್ರೆಯಾದರೆ ತಟ್ಟನೆ ನಿಲ್ಲಿಸಬಾರದು. ಮೂಳೆಯ ರಕ್ಷಣೆಗೆ ಏನು ಮಾಡಬೇಕೆಂದು ಅವರನ್ನೇ ಕೇಳಬೇಕು.

ಎಲ್ಲಕ್ಕಿಂತ ಕ್ರೂರವಾದ ತಪ್ಪು ನಂಬಿಕೆ ಕಡೆಯದು. ತೊಡೆಯ ಮೇಲ್ಭಾಗ ಮುರಿದ ಮುದುಕಿಗೆ 'ಈ ವಯಸ್ಸಿಗೆ ಆಪರೇಷನ್ ಯಾಕೆ, ತಡಕೊಳ್ಳಲ್ಲ' ಎನ್ನುವುದು. ದೊಡ್ಡವ್ವ ಎಪ್ಪತ್ತೊಂದರಲ್ಲಿ ಹಿತ್ತಿಲ ಬಚ್ಚಲಲ್ಲಿ ಬಿದ್ದಳು. ಮನೆಯ ಗಂಡಸರು ಜಗಲಿಯ ಮೇಲೆ ಕೂತು ಇದೇ ತೀರ್ಮಾನ ಮಾಡಿದರು. ನಾಟಿ ವೈದ್ಯರು ಬಿದಿರ ದಬ್ಬೆ ಕಟ್ಟಿದರು. ಮಲಗಿದವಳಿಗೆ ಬೆನ್ನೆಲ್ಲ ಹುಣ್ಣು, ಆಮೇಲೆ ಎದೆಯಲ್ಲಿ ಕಫ. ನಾಲ್ಕು ತಿಂಗಳು. ತಡೆದುಕೊಳ್ಳಲಾರದ್ದು ಯಾವುದು, ಒಂದು ಗಂಟೆಯ ಶಸ್ತ್ರಚಿಕಿತ್ಸೆಯೋ ನಾಲ್ಕು ತಿಂಗಳ ಹಾಸಿಗೆಯೋ? ಸೊಂಟ ಮುರಿದ ವೃದ್ಧರಲ್ಲಿ ಐವರಲ್ಲಿ ಒಬ್ಬರಾದರೂ ವರ್ಷದೊಳಗೆ ಸಾಯುತ್ತಾರೆ, ಚಿಕಿತ್ಸೆ ಸಿಕ್ಕಿದ ದೇಶಗಳಲ್ಲಿಯೂ. ಬೇಗ, ಆದಷ್ಟೂ ಎರಡು ದಿನದೊಳಗೆ, ಶಸ್ತ್ರಚಿಕಿತ್ಸೆ ಮಾಡಿ ಮರುದಿನವೇ ಎಬ್ಬಿಸಿ ಕೂರಿಸುವುದು ಇಂದಿನ ಪದ್ಧತಿ. ವಯಸ್ಸೇ ಅದಕ್ಕೆ ಅಡ್ಡಿಯಲ್ಲ, ವಯಸ್ಸಾಗಿರುವುದೇ ಅವಸರಕ್ಕೆ ಕಾರಣ. ಸಣ್ಣಪುಟ್ಟ ಉಳುಕಿಗೆ ನಾಟಿ ವೈದ್ಯರ ಕೈಗುಣವನ್ನು ನಾನು ಅಲ್ಲಗಳೆಯುವುದಿಲ್ಲ. ತೊಡೆಯ ಕತ್ತು ಮುರಿದರೆ ಅದು ಅವರ ಕೆಲಸವಲ್ಲ.

ಮೂಳೆ ಟೊಳ್ಳಾಗಿದೆ ಎಂದು ಗೊತ್ತಾದವರಿಗೆ ಔಷಧವಿದೆ. ವಾರಕ್ಕೊಂದು ನುಂಗುವ ಮಾತ್ರೆಯಿದೆ, ವರ್ಷಕ್ಕೊಮ್ಮೆ ರಕ್ತನಾಳದಲ್ಲಿ ಕೊಡುವ ಔಷಧವಿದೆ. ಎರಡೂ ಮೂಳೆ ಕೆರೆಯುವ ಜೀವಕೋಶಗಳ ಕೈ ಕಟ್ಟಿ ಮುರಿತವನ್ನು ಕಡಿಮೆ ಮಾಡುತ್ತವೆ. ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ಒಂದು ಲೋಟ ನೀರಿನೊಂದಿಗೆ ನುಂಗಿ ಅರ್ಧ ಗಂಟೆ ಮಲಗದೆ, ಏನೂ ತಿನ್ನದೆ ಇರಬೇಕು. ಯಾರಿಗೆ, ಎಷ್ಟು ವರ್ಷ ಎನ್ನುವುದು ವೈದ್ಯರ ಮಾತು. ನನ್ನ ಸೀರೆಯಂಗಡಿಯ ಗೆಳತಿಯ ಮಾತಲ್ಲ, ನನ್ನದೂ ಅಲ್ಲ.

ಮಗಳಂದಿರ ವಿಷಯ ಬಿಡುವಂತಿಲ್ಲ. ಜೀವಮಾನದ ಮೂಳೆಯ ಹೆಚ್ಚಿನ ಪಾಲು ಹದಿನೆಂಟರ ಹೊತ್ತಿಗೆ ಕಟ್ಟಿ ಮುಗಿದಿರುತ್ತದೆ. ಮೈನೆರೆದ ಮೇಲೆ ಹುಡುಗಿಯನ್ನು ಆಟದ ಬಯಲಿನಿಂದ ಒಳಗೆ ಕರೆದುಕೊಳ್ಳುವುದು, ಎಸೆಸೆಲ್ಸಿ ಬಂತೆಂದು ಆಟದ ಪೀರಿಯಡ್ಡಿಗೆ ಗಣಿತದ ಮೇಷ್ಟ್ರನ್ನು ಕಳಿಸುವುದು, ತೆಳ್ಳಗಾಗಲೆಂದು ಹಾಲು ಬಿಡಿಸುವುದು, ಇವೆಲ್ಲ ಅವಳ ಅರವತ್ತನೆಯ ವರ್ಷದ ಸೊಂಟದಿಂದ ಕದ್ದಂತೆ. ಕದ್ದವರು ಆಗ ಇರುವುದಿಲ್ಲ.

ಮನೆಯಲ್ಲಿ ಮಕ್ಕಳ ಎತ್ತರವನ್ನು ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಿಂದ ಗುರುತು ಹಾಕುತ್ತೇವಲ್ಲ, ಐವತ್ತು ದಾಟಿದ ಅಮ್ಮನನ್ನೂ ಅತ್ತೆಯನ್ನೂ ಬರಿಗಾಲಿನಲ್ಲಿ ಅಲ್ಲಿಯೇ ನಿಲ್ಲಿಸಿ ಒಂದು ಗೆರೆ ಎಳೆಯಿರಿ, ದಿನಾಂಕ ಬರೆಯಿರಿ. ವರ್ಷಕ್ಕೊಮ್ಮೆ ನೋಡಿ. ಗೆರೆ ಎರಡು ಸೆಂಟಿಮೀಟರು ಕೆಳಗಿಳಿದರೆ, ಅಥವಾ ಪ್ರಾಯದಲ್ಲಿ ಇದ್ದುದಕ್ಕಿಂತ ನಾಲ್ಕು ಕಡಿಮೆಯಾಗಿದ್ದರೆ, ಬೆನ್ನಿನ ಎಕ್ಸ್-ರೇ ತೆಗೆಸಲು ಕರೆದುಕೊಂಡು ಹೋಗಿ. ಬಚ್ಚಲಿಗೆ ಒಂದು ಹಿಡಿಯನ್ನೂ ಅದೇ ವಾರ ಹಾಕಿಸಿ.